ತೂಬಿನ ಮುಂದೆ ನಿಂತವನು

ಬೆಳಿಗ್ಗೆ ಕೊಟ್ಟಿಗೆ ತೊಳೆದೆ, ರಾಗಿ ಕೇರಿದೆ, ಹುರುಳಿಕಾಳು ನೆನೆಹಾಕಿದೆ, ನಂಜನಗೂಡಿನ ಮಗಳಿಗೆ ಫೋನ್ ಮಾಡಿದೆ. ಬಟ್ಟೆ ಹರವುತ್ತಿದ್ದಾಗ, ಒಣಗಿದ್ದ ನಾಲೆಯ ಮಣ್ಣಿಗೆ ಹೊಸ ನೀರು ಬಿದ್ದ ವಾಸನೆ ಬಂತು... ನಮ್ಮ ನೀರುಗಂಟಿ ನೆನಪಾದ.

ಹೆಮ್ಮಿಗೆಯ ನಮ್ಮ ಗದ್ದೆಗಳಿಗೂ ಕೆಳಗಿನ ಊರಿನವರ ಗದ್ದೆಗಳಿಗೂ ಸರದಿಯಂತೆ ನೀರು ಬಿಡುತ್ತಿದ್ದವನು ಆತ. ತೂಬು ಮುಟ್ಟುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಆತನಿಗೊಂದು ಪಾಲು ಭತ್ತ ಹೋಗುತ್ತಿತ್ತು.

ಒಂದು ವರ್ಷ ನಮ್ಮ ಯಜಮಾನರು, ಆತ ಊಟಕ್ಕೆ ಹೋದ ಹೊತ್ತು ನೋಡಿಕೊಂಡು, ಕೆಳಗಿನವರ ಸರದಿಯ ನೀರನ್ನು ನಮ್ಮ ಗದ್ದೆಗೆ ತಿರುಗಿಸಿಕೊಂಡರು. ಇಳಿಹೊತ್ತಿಗೆ ಕೆಳಗಿನವರು ದೊಣ್ಣೆ ಹಿಡಿದು ಬಂದರು. ಇವರೂ ಗುದ್ದಲಿ ಎತ್ತಿಕೊಂಡು ಏರಿಯ ಮೇಲೆ ನಿಂತರು. ಹಿಂದೆ ಸರಿದರೆ ಊರವರು ಏನಂದಾರು ಅನ್ನುವುದೊಂದೇ ಇವರ ಮುಖದಲ್ಲಿತ್ತು. ನಾನು ಬದುವಿನ ಮೇಲಿಂದ ಇವರನ್ನು ಕೂಗಿ ಕರೆದೆ.

ಅಷ್ಟರಲ್ಲಿ ನೀರುಗಂಟಿ ಓಡಿಬಂದು ನಡುವೆ ನಿಂತ.

"ತಿರುಗ್ಸಿದ್ದು ನಾನೇ ಕಣ್ರಪ್ಪಾ. ಸರದಿ ಮರ್ತೋದೆ."

"ಮುದ್ಕ ಆದೆ ಕಣ್ಲಾ, ಮನೇಲಿ ಬಿದ್ಕೋ," ಎಂದು ಒಬ್ಬ ಕೆನ್ನೆಗೆ ಒಂದೇಟು ಬಿಟ್ಟ. ಆತ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನೀರನ್ನು ಅವರ ಕಡೆಗೆ ತಿರುಗಿಸಿದ. ಬಂದವರು ಬೈಯುತ್ತಾ ಹೋದರು. ನಮ್ಮವರು ಗುದ್ದಲಿ ಹೆಗಲಿಗೇರಿಸಿ ಮನೆಯ ದಾರಿ ಹಿಡಿದರು.

"ಯಾಕಣ್ಣ ಹಂಗೆ ಹೇಳ್ದೆ?" ಎಂದು ಕೇಳಿದೆ.

"ನಿಮ್ಮೆಜಮಾನ್ರಿಗೆ ಗುದ್ಲೀಲಿ ಮಣ್ಣು ಎಳ್ಯಕ್ಕೇ ಬರಕಿಲ್ಲ, ಒಡೆದಾಟಕ್ಕೆ ನಿಂತವ್ರೆ... ಬೈಗ್ಳ ಮಕ ತೊಳ್ಕೊಂಡ್ರೆ ಓಯ್ತದೆ ಕಣವ್ವ. ತಲೆ ಒಡ್ದೋದ್ರೆ?"

ಆ ಸುಗ್ಗಿಯಲ್ಲಿ ಕೆಳಗಿನವರು ಆತನ ಪಾಲು ಕೊಡಲಿಲ್ಲ. ನಾನು ಎರಡು ಚೀಲ ಭತ್ತ ಕಳಿಸಿದೆ. ನಿಜ ಮಾತ್ರ ಯಾರಿಗೂ ಹೇಳಲಿಲ್ಲ. ಹೊಡೆದು ಗೆದ್ದವರ ಕಥೆ ಅರಳಿಕಟ್ಟೆಯ ಮೇಲೆ ವರ್ಷಗಟ್ಟಲೆ ಓಡುತ್ತದೆ. ಆತನಿಗೆ ಉಳಿದದ್ದು ಮರೆಗುಳಿ ಅನ್ನುವ ಹೆಸರು. ಕೊನೆಗೆ ತಾಂಡವಪುರದ ತನ್ನ ಮಗಳ ಮನೆಗೆ ಹೋದವನು ಅಲ್ಲೇ ತೀರಿಕೊಂಡ...

ಇವತ್ತು ಮಧ್ಯಾಹ್ನ ತೂಬಿನ ಹತ್ತಿರ ಸರದಿಯ ವಿಷಯಕ್ಕೆ ಮತ್ತೆ ಮಾತು ಬೆಳೆಯಿತಂತೆ. ಎರಡೂ ಊರಿನವರ ಎದುರು ನಮ್ಮ ಯಜಮಾನರು, "ಅವತ್ತು ನೀರು ಕದ್ದೋನು ನಾನು, ಏಟು ತಿಂದೋನು ಅವ್ನು. ಇನ್ನೊಬ್ರು ಅಂಗೆ ತಿನ್ನೋದು ಬ್ಯಾಡ," ಎಂದರಂತೆ. ಜಗಳ ಅಲ್ಲಿಗೇ ನಿಂತಿತು. ಅವತ್ತು ಕೈ ಎತ್ತಿದ್ದವನೂ ಅಲ್ಲಿದ್ದ, ತಲೆ ತಗ್ಗಿಸಿಕೊಂಡು ಹೋದ ಎಂದು ಇವರೇ ಬಂದು ಹೇಳಿದರು. ಕೇಳಿಸಿಕೊಳ್ಳಬೇಕಾದವನು ಇಲ್ಲ. ಆದರೂ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಇವರು ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ನಾಲೆಗೆ ನೀರು ಬಂದ ದಿನ ಇವರು ಹಾಸಿಗೆಯಲ್ಲಿ ಹೊರಳಾಡುವುದು ಇಷ್ಟು ವರ್ಷ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಇವತ್ತು ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.