ಅಂಚಿಗಷ್ಟೇ ಅಂಟು

ಮೈದಾಹಿಟ್ಟಿನ ಅಂಟು ತಣ್ಣಗಾದ ಮೇಲೆ ಅದರ ಮೇಲೊಂದು ತೆಳುವಾದ ಕೆನೆ ಕಟ್ಟುತ್ತದೆ. ಹಾಲಿನ ಕೆನೆಯನ್ನು ಕುರಿತು ನಾವು ಎಷ್ಟೋ ಮಾತಾಡಿದ್ದೇವೆ. ಅಂಟಿನ ಕೆನೆಯನ್ನು ಕುರಿತು ಯಾರೂ ಏನೂ ಹೇಳಿದಂತಿಲ್ಲ. ಎಂಟು ವರ್ಷಗಳಿಂದ, ತಿಂಗಳಿಗೆ ಎರಡು ಸಲವಾದರೂ, ಕೋರ್ಟಿನ ಗಂಟೆ ಹೊಡೆಯುವ ಮೊದಲು ಆ ಕೆನೆಯನ್ನು ಕಡ್ಡಿಯಿಂದ ಪಕ್ಕಕ್ಕೆ ಸರಿಸುವುದೇ ನನ್ನ ಉದ್ಯೋಗದ ಮೊದಲ ಕರ್ತವ್ಯವಾಗಿರುವುದರಿಂದ, ಆ ಕೊರತೆಯನ್ನು ತುಂಬುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ. ಎಂಟು ಎಂದೆ, ಏಳೂ ಇರಬಹುದು. ನನ್ನ ನೆನಪಿನ ಮೇಲೆ ನನಗೆ ಮೊದಲಿದ್ದ ಭರವಸೆ ಈಗಿಲ್ಲ. ಅದು ಹೋದ ಬಗೆಯೂ ಈ ಅಂಟಿನದೇ ಕಥೆ.

ನಾನು ಚಾಮರಾಜನಗರದ ಕೋರ್ಟಿನ ಆವರಣದಲ್ಲಿ ವಕೀಲರ ಪುಸ್ತಕಭಂಡಾರವನ್ನು ನೋಡಿಕೊಳ್ಳುವವನು. ಭಂಡಾರವೆಂದರೆ ನಾಲ್ಕು ಬೀರು, ಎರಡು ಕಿಟಕಿ, ಒಂದು ಉದ್ದನೆಯ ಮೇಜು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಕಣ್ಣಮುಂದಿನ ಮೇಜು ನಿಜವಾಗಿಯೂ ಇದೆಯೇ ಎಂಬ ಪ್ರಶ್ನೆಯನ್ನು ಮೂರು ವರ್ಷ ಚರ್ಚಿಸಿ ಬಿ.ಎ. ಪದವೀಧರನಾದ ನನಗೆ, ಕಡೆಗೆ ಒರೆಸಿ ಇಡಲೆಂದು ಒಂದು ಮೇಜನ್ನೇ ವಹಿಸಿಕೊಟ್ಟದ್ದನ್ನು ವಿಧಿಯ ವಿನೋದವೆನ್ನಬೇಕು. ಬೇರೆ ಕೆಲಸಕ್ಕೆ ಹೋಗಬೇಕೆಂದು ಪ್ರತಿ ಯುಗಾದಿಗೂ ಸಂಕಲ್ಪ ಮಾಡುತ್ತೇನೆ. ದೀಪಾವಳಿಯ ಹೊತ್ತಿಗೆ ದಣಿದು ಸುಮ್ಮನಾಗುತ್ತೇನೆ.

ಕಾನೂನಿನ ಪುಸ್ತಕ ಬೇರೆ ಪುಸ್ತಕಗಳಂತಲ್ಲ. ಕಾವ್ಯವನ್ನೋ ಪುರಾಣವನ್ನೋ ಒಮ್ಮೆ ಅಚ್ಚು ಹಾಕಿದರೆ ಅದು ಹಾಗೆಯೇ ಇರುತ್ತದೆ. ಕಾಯಿದೆ ಹಾಗಿರುವುದಿಲ್ಲ. ದೇಶ ಸ್ವತಂತ್ರವಾದ ಮೇಲಂತೂ ಕಾಯಿದೆಗಳಿಗೆ ನನ್ನಂತೆಯೇ ಒಂದು ಚಡಪಡಿಕೆ ಹತ್ತಿಕೊಂಡಿದೆ. ಇವತ್ತು ಒಂದು ಪದ ಹೋಗುತ್ತದೆ, ನಾಳೆ ಒಂದು ಕಲಮು ಬರುತ್ತದೆ. ಹೀಗೆ ಬದಲಾದ ಸಾಲುಗಳನ್ನು ಸಣ್ಣ ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಸಿ ಕಳಿಸುತ್ತಾರೆ. ಅವನ್ನು ಕತ್ತರಿಸಿ, ಆಯಾ ಪುಸ್ತಕದ ಆಯಾ ಪುಟದಲ್ಲಿ, ಹಳೆಯ ಸಾಲಿನ ಮೇಲೆ ಅಂಟಿಸಬೇಕು. ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವುದರಿಂದ ನನ್ನ ಉಗುರುಗಳ ಸಂದಿ ಯಾವಾಗಲೂ ನೀಲಿ. ಅಪರಿಚಿತರು ಇದನ್ನು ಶಾಯಿಯೆಂದು ತಿಳಿದು ನನ್ನನ್ನು ಗ್ರಂಥಕರ್ತನೆಂದು ಗೌರವಿಸಿದ್ದುಂಟು. ನಾನು ತಿದ್ದಲು ಹೋಗಿಲ್ಲ.

ನಾನು ಬರುವ ಮುಂಚೆ ಈ ಕೆಲಸವನ್ನು ಮಾಡುತ್ತಿದ್ದವನು ಜವಾನ ಮಾದಯ್ಯ. ಚಂದಕವಾಡಿಯವನು. ಇಂಗ್ಲಿಷ್ ಬಾರದು, ಅಂಕಿಗಳನ್ನೂ ಅಕ್ಷರಗಳ ಆಕಾರವನ್ನೂ ಹೋಲಿಸಿ ನೋಡಿಯೇ ಚೀಟಿಯ ಜಾಗ ಹುಡುಕುತ್ತಿದ್ದ, ತಪ್ಪುತ್ತಲೂ ಇರಲಿಲ್ಲ. ಆದರೆ ಅವನು ಅಂಟು ಹಚ್ಚುತ್ತಿದ್ದದ್ದು ಚೀಟಿಯ ಎಡದ ಅಂಚಿಗೆ ಮಾತ್ರ. ಪುಸ್ತಕ ತೆರೆದರೆ ಚೀಟಿಗಳೆಲ್ಲ ಆಡಿನ ಕಿವಿಗಳಂತೆ ಅಲ್ಲಾಡುತ್ತಿದ್ದವು. ಕಿಟಕಿಯಿಂದ ಗಾಳಿ ಬೀಸಿದರೆ ಇಡೀ ಕಾಯಿದೆಯೇ ಪಟಪಟನೆ ಮಾತಾಡುತ್ತಿತ್ತು. ನನಗೆ ಅದು ಅನಾಗರಿಕವಾಗಿ ಕಾಣುತ್ತಿತ್ತು.

ಹೀಗಿರುವಾಗ ಭಂಡಾರಗಳನ್ನು ನೋಡಿಕೊಳ್ಳುವವರಿಗೆಲ್ಲ ತರಬೇತಿ ಕೊಡಬೇಕೆಂದು ಯಾರಿಗೋ ಹೊಳೆದು, ನನ್ನನ್ನು ಹತ್ತು ದಿನದ ಮಟ್ಟಿಗೆ ಮೈಸೂರಿಗೆ ಕಳಿಸಿದರು. ಕಂದು ಕೋಟಿನ ಉಪನ್ಯಾಸಕರೊಬ್ಬರು ಪುಸ್ತಕಗಳ ಬೆನ್ನಿಗೆ ಅಂಕಿ ಬರೆಯುವುದನ್ನೂ ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸುವುದನ್ನೂ ಕಲಿಸಿದರು. ಪುಟ ಪುಟದಂತಿರಬೇಕು, ಅಚ್ಚುಕಟ್ಟೇ ಭಂಡಾರದ ಜೀವ ಎಂದರು. ಅಂಟಿನ ಮಾತನ್ನು ಮಾತ್ರ ಹತ್ತು ದಿನದಲ್ಲಿ ಒಮ್ಮೆಯೂ ಎತ್ತಲಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಕುಳಿತವರು ಗುಂಡ್ಲುಪೇಟೆಯ ವಕೀಲರ ಕೊಠಡಿಯನ್ನು ನೋಡಿಕೊಳ್ಳುವ ಚಿಕ್ಕಬಸಪ್ಪನವರು. ಮಧ್ಯಾಹ್ನದ ಉಪನ್ಯಾಸಗಳನ್ನೆಲ್ಲ ಕಣ್ಣು ಮುಚ್ಚಿಯೇ ಗ್ರಹಿಸಿದ ಆ ಪುಣ್ಯಾತ್ಮರು, ಬಂದ ಚೀಟಿಗಳಲ್ಲಿ ಒಂದನ್ನೂ ತಾವು ಈವರೆಗೆ ಅಂಟಿಸಿಲ್ಲವೆಂದೂ ಎಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಭದ್ರವಾಗಿವೆಯೆಂದೂ ಕಾಫಿ ಕುಡಿಯುವಾಗ ನನಗೆ ಗುಟ್ಟಾಗಿ ಹೇಳಿದ್ದರು. ನಾನು ಮನಸ್ಸಿನಲ್ಲೇ ಅವರನ್ನು ತಿರಸ್ಕರಿಸಿದೆ.

ಊರಿಗೆ ಮರಳಿದವನೇ ಸುಧಾರಣೆಗೆ ಕೈಹಚ್ಚಿದೆ. ಮೊದಲು ಬೀರುಗಳ ಕ್ರಮ ಬದಲಾಯಿತು. ‘ಕಿಟಕಿ ಪಕ್ಕದ ಕೆಂಪು ಬೆನ್ನಿನದು’ ಎಂದು ಕೈಚಾಚಿ ತೆಗೆದುಕೊಳ್ಳುತ್ತಿದ್ದ ವಕೀಲರು ಈಗ ಕಾರ್ಡಿನ ಪೆಟ್ಟಿಗೆಯ ಮುಂದೆ ನಿಂತು ನನ್ನನ್ನು ಮೆಲ್ಲಗೆ ಶಪಿಸತೊಡಗಿದರು. ಆಮೇಲೆ ಮಾದಯ್ಯನ ಆಡಿನ ಕಿವಿಗಳ ಸರದಿ. ಒಂದೊಂದು ಚೀಟಿಯ ಬೆನ್ನಿಗೂ ಪೂರ್ತಿ ಅಂಟು ಬಳಿದು, ಅಂಗೈಯಿಂದ ಒತ್ತಿ, ಮೇಲೆ ಕಲ್ಲುಹೇರಿ ಒಣಗಿಸಿದೆ. ಮೂರು ವಾರ ಹಿಡಿಯಿತು. ಕಡೆಗೆ ಪುಟಗಳು ಪುಟಗಳಂತಾದವು. ಮಾದಯ್ಯ ಬಾಗಿಲ ಬಳಿ ನಿಂತು ನೋಡಿದ. ಅಂಚಿಗಷ್ಟೇ ಯಾಕೆ ಹಚ್ಚುತ್ತಿದ್ದೆಯೆಂದು ನಾನು ಅವನನ್ನು ಕೇಳಲಿಲ್ಲ; ಪದವೀಧರನಾಗಿದ್ದೆ.

ಸಿದ್ದಮ್ಮನೆಂಬ ಹೆಂಗಸು ನಮ್ಮ ಮೇಜಿನ ಮುಂದೆ ಬಂದು ನಿಂತದ್ದು ಇದಾಗಿ ಕೆಲವು ತಿಂಗಳಿಗೆ. ಅವಳೂ ಚಂದಕವಾಡಿಯ ಕಡೆಯವಳೇ, ಗಂಡನಿಲ್ಲದವಳು. ಗೇಣಿಗೆ ಹಿಡಿದ ಹೊಲದಲ್ಲಿ ಹಿಪ್ಪುನೇರಳೆ ನೆಟ್ಟು, ರೇಷ್ಮೆಹುಳು ಸಾಕಿಕೊಂಡಿದ್ದಳು. ಜಮೀನಿನ ಯಜಮಾನ ಅವಳನ್ನು ಹೊಲದಿಂದ ಹೊರಹಾಕಿದ್ದ. ಹಾಗೆ ಹೊರಬಿದ್ದವರು ಇಂತಿಷ್ಟು ಕಾಲದೊಳಗೆ ಅರ್ಜಿ ಹಾಕಿಕೊಂಡರೆ ಹೊಲ ತಿರುಗಿ ಪಡೆಯಬಹುದೆಂದು ಕಾಯಿದೆಯಿತ್ತು. ಅವಳು ಅರ್ಜಿ ಹಾಕಿದ್ದು ಒಂಬತ್ತು ತಿಂಗಳಾದ ಮೇಲೆ. ತಿದ್ದುಪಡಿಯ ಚೀಟಿ ಆರು ತಿಂಗಳು ಎನ್ನುತ್ತಿತ್ತು. ಆದರೆ ಅವಳನ್ನು ಹೊರಹಾಕಿದ್ದು ಆ ತಿದ್ದುಪಡಿ ಬರುವ ಮೊದಲು. ಆದ್ದರಿಂದ ಹಳೆಯ ಕಲಮಿನ ಅವಧಿಯೇ ಅವಳಿಗೆ ಸಲ್ಲಬೇಕೆಂದು ಅವಳ ವಕೀಲ ನಂಜಪ್ಪನವರು ವಾದಿಸಲಿದ್ದರು. ವಿಚಾರಣೆ ಒಂದು ದಿನ ಬಿಟ್ಟು ಮರುದಿನ. ಹಳೆಯ ಕಲಮಿನಲ್ಲಿ ಏನಿತ್ತೆಂದು ನೋಡಲು ಅವರು ಪುಸ್ತಕ ತೆರೆದರು. ನನ್ನ ಚೀಟಿ ಕನ್ನಡಿಯಂತೆ ನುಣ್ಣಗೆ ಕೂತಿತ್ತು.

ಮಾದಯ್ಯ ಟೀ ಕಾಯಿಸುವ ಕೆಟಲಿನ ಹಬೆಗೆ ಪುಟವನ್ನು ಹಿಡಿದೆವು. ಚೀಟಿ ಎದ್ದಿತು, ಹಳೆಯ ಪುಟದ ಚರ್ಮವನ್ನೂ ಕಿತ್ತುಕೊಂಡು. ಹೊರಹಾಕಿದ ದಿನದಿಂದ ಎಂಬರ್ಥದ ಇಂಗ್ಲಿಷ್ ಮಾತುಗಳು ಉಳಿದವು. ಎಷ್ಟು ಕಾಲ ಎಂಬುದು ಮಾತ್ರ ಮೈಲುತುತ್ತದಲ್ಲಿ ಬೆರೆತು ನಾರಾಗಿ ಹೋಗಿತ್ತು.

“ಅಂಟಿಸೋಕೆ ಮುಂಚೆ ಓದಿರ್ತೀರಲ್ರೀ,” ಎಂದರು ನಂಜಪ್ಪನವರು. “ಏನಿತ್ತು?”

“ಒಂದು ವರ್ಷ ಅಂತ ಕಾಣುತ್ತೆ ಸರ್.”

“ಕಾಣುತ್ತೆ ಅಂತ ಮುನ್ಸೀಫರ ಮುಂದೆ ಹೇಳಕ್ಕಾಗುತ್ತೇನ್ರೀ?”

ನಾನು ಕಣ್ಣು ಮುಚ್ಚಿ ನೆನೆದೆ. ಎಡಗಡೆಯ ಪುಟ, ಕೆಳಭಾಗ, ಕಡೆಯಿಂದ ಮೂರನೆಯ ಸಾಲು. ಒಂದು ವರ್ಷ ಎಂಬ ಮಾತು ಸಾಲಿನ ತುದಿಯಲ್ಲಿ ಮುರಿದು ಮುಂದಿನ ಸಾಲಿಗೆ ಇಳಿದಿತ್ತು. ಎಲ್ಲ ಸ್ಪಷ್ಟವಾಗಿ ಕಂಡಿತು; ಹಬೆಗೆ ಹಿಡಿದಿದ್ದ ಪುಟ ಎದುರಿಗೇ ಇದ್ದರೂ ಅದು ಯಾವ ಮಗ್ಗುಲಿನದೆಂದು ನೋಡುವುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಕಣ್ಣು ತೆರೆದು ಮತ್ತೆ ಮುಚ್ಚಿದಾಗ ಅದೇ ಜಾಗದಲ್ಲಿ ಅಷ್ಟೇ ಸ್ಪಷ್ಟವಾಗಿ ಎಂಟು ತಿಂಗಳು ಎಂದಿತ್ತು. ಎಂಟಾದರೆ ಅವಳ ಅರ್ಜಿ ಬಿದ್ದುಹೋಗುತ್ತಿತ್ತು. ಜಗತ್ತನ್ನೆಲ್ಲ ಸಂಶಯಿಸುವುದನ್ನು ಕಲಿತವನಿಗೆ ತನ್ನನ್ನೇ ಸಂಶಯಿಸಬೇಕಾದ ಗಳಿಗೆ ಹೀಗೆ ಒಂದು ಕೆಟಲಿನ ಮುಂದೆ ಬರುತ್ತದೆಂದು ಯಾವ ಉಪನ್ಯಾಸದಲ್ಲೂ ಹೇಳಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸಿದ್ದಮ್ಮ ಇದನ್ನೆಲ್ಲ ನೋಡುತ್ತಿದ್ದಳು. “ಗ್ಯಾಪಕ ಇಲ್ವಾ ಸಾಮಿ?” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. “ನಾನು ಓದಿಲ್ಲ, ಆದ್ರೂ ಯಾವ್ ಸಾಲ್ನಲ್ಲಿ ಎಷ್ಟು ಕಡ್ಡಿ ನೆಟ್ಟೆ ಅಂತ ಯೋಳ್ತೀನಿ. ನೀವು ಓದ್ದೋರು.”

ನನಗೆ ಆಗ ತೋಚಿದ್ದು ಗುಂಡ್ಲುಪೇಟೆಯ ಬಿಸ್ಕತ್ತಿನ ಡಬ್ಬ.

ಮರುದಿನ ಬೆಳಗಿನ ಬಸ್ಸಿನಲ್ಲಿ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋದೆ. ದಾರಿಯಲ್ಲಿ ಒಬ್ಬರು ತೊಡೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡು ಕುಳಿತಿದ್ದರು, ಅದು ತಿರುವಿನಲ್ಲೆಲ್ಲ ನನ್ನ ತೊಡೆಗೆ ಉರುಳುತ್ತಿತ್ತು ಎಂದು ನೆನಪು. ಅದು ಇನ್ನೊಂದು ಪ್ರಯಾಣದ್ದೂ ಇರಬಹುದು. ಆ ದಿನದ ದಣಿವು ಮಾತ್ರ ಆ ದಿನದ್ದೇ. ವಕೀಲರ ಕೊಠಡಿಯ ಹಿಂದಿನ ಕಿಟಕಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕಿಟಕಿಯ ಈಚೆ ಚಿಕ್ಕಬಸಪ್ಪನವರು ತರಬೇತಿಯಲ್ಲಿ ಕುಳಿತ ಭಂಗಿಯಲ್ಲೇ ಕುಳಿತಿದ್ದರು. ನನ್ನನ್ನು ಕಂಡೊಡನೆ ಎದ್ದು, ನಾನು ತನಿಖೆಗೆ ಬಂದವನೆಂದು ತಿಳಿದು, ಡಬ್ಬವನ್ನು ಕಾಲಿನಿಂದ ಬೀರುವಿನ ಕೆಳಗೆ ತಳ್ಳಿದರು.

“ಮುಂದಿನ ವಾರ ಪೂರ್ತಿ ಅಂಟಿಸ್ಬುಡ್ತೀನಿ ಕಣ್ರೀ. ಮನೇಲಿ ಮದ್ವೆ ಇತ್ತು.”

“ದಯವಿಟ್ಟು ಅಂಟಿಸಬೇಡಿ,” ಎಂದೆ.

ವ್ರತವಿಲ್ಲದೆ ವರ ಸಿಕ್ಕವರಂತೆ ಅವರು ನನ್ನ ಮುಖ ನೋಡಿದರು. ವಿಷಯ ಹೇಳಿದ ಮೇಲೆ ತಾವೇ ಏಣಿ ಹತ್ತಿ ಪುಸ್ತಕ ಇಳಿಸಿಕೊಟ್ಟರು. ಧೂಳಿತ್ತು, ಇಲಿ ಮೂಲೆ ಕಡಿದಿತ್ತು. ಆದರೆ ಕಾಯಿದೆ ಹುಟ್ಟಿದ ದಿನ ಇದ್ದಂತೆಯೇ ಇತ್ತು. ಕಲಮು ಬಲಗಡೆಯ ಪುಟದಲ್ಲಿತ್ತು. ಮೇಲ್ಭಾಗದಲ್ಲಿತ್ತು. ಮಾತು ಎಲ್ಲಿಯೂ ಮುರಿದಿರಲಿಲ್ಲ. ಒಂದು ವರ್ಷ ಎಂದಿತ್ತು.

ನನಗೆ ಸಂತೋಷವಾಗಬೇಕಿತ್ತು. ಅವಳ ಮಟ್ಟಿಗೆ ಆಯಿತು. ನನ್ನ ಮಟ್ಟಿಗೆ, ಪುಟ, ಜಾಗ, ಸಾಲು ಎಲ್ಲದರಲ್ಲೂ ಸುಳ್ಳು ಹೇಳಿದ ಸಾಕ್ಷಿಯೊಬ್ಬ ಕಡೆಯ ಮಾತನ್ನು ಮಾತ್ರ ಆಕಸ್ಮಿಕವಾಗಿ ನಿಜ ನುಡಿದಂತಿತ್ತು. ಅಂಥವನನ್ನು ಮತ್ತೆ ಯಾವ ಕಟಕಟೆಗೂ ಹತ್ತಿಸಬಾರದೆಂದು ಅಲ್ಲೇ ನಿಶ್ಚಯಿಸಿದೆ.

ಪುಸ್ತಕವನ್ನು ಒಯ್ಯಲು ಅಪ್ಪಣೆ ಬೇಕಿತ್ತು. ಚಿಕ್ಕಬಸಪ್ಪನವರು ಸ್ವಲ್ಪ ಯೋಚಿಸಿ, “ಚಾಲ್ತೀಲಿರೋ ಪುಸ್ತಕ ಆಚೆಗೆ ಕೊಡ್ಕೂಡ್ದು ಅಂತ ರೂಲ್ಸು. ಇದು ಚಾಲ್ತೀಲೇ ಇಲ್ವಲ್ಲ, ತಕೊಂಡೋಗಿ,” ಎಂದು ತಮ್ಮ ಟವಲಿನಲ್ಲಿ ಸುತ್ತಿ ಕೊಟ್ಟರು. ಹತ್ತು ದಿನದ ತರಬೇತಿಯಿಂದ ನನಗಾದ ಪ್ರಯೋಜನ ಆ ಟವಲಿನ ಗಂಟಿನಲ್ಲಿತ್ತು: ಎಲ್ಲಿ ಯಾರು ಯಾವ ಕೆಲಸವನ್ನು ಮಾಡಿಲ್ಲವೆಂಬ ತಿಳಿವಳಿಕೆ.

ಮುನ್ಸೀಫರು ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಚರ್ಮ ಸುಲಿದ ನನ್ನ ಪುಟದ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಅರ್ಜಿ ಅವಧಿಯೊಳಗೇ ಬಂದಿದೆಯೆಂದು ಬರೆಸಿದರು. ಹೊಲ ಕೈಗೆ ಬರಲು ಮತ್ತೊಂದು ಮಳೆಗಾಲ ಕಳೆಯಬೇಕಾಯಿತು. ಅಷ್ಟರಲ್ಲಿ ಅರ್ಧ ತೋಟವನ್ನು ಕಿತ್ತು ರಾಗಿ ಬಿತ್ತಿದ್ದರು. ಆದರೂ ಬಂತು.

ಅವತ್ತು ಕೋರ್ಟಿನ ಹೊರಗೆ ಬೇವಿನ ಮರದಡಿ ಸಿದ್ದಮ್ಮ ನಿಂತಿದ್ದಾಗ, ಅವಳ ಅರ್ಜಿಗೆ ಬಂದ ಆತಂಕ ನನ್ನ ಕೈಯ ಅಂಟಿನಿಂದಲೇ ಆದದ್ದೆಂದು ಹೇಳಿಬಿಟ್ಟೆ. ಕೆಟಲಿನ ಮುಂದೆ ನಡೆದದ್ದನ್ನು ಕಂಡಿದ್ದರೂ, ಹೇಳದಿದ್ದರೆ ತಪ್ಪು ಯಾರದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅವಳು ನನ್ನ ನೀಲಿ ಉಗುರುಗಳನ್ನು ನೋಡಿದಳು.

“ಓಗ್ಲಿ ಬುಡಿ, ಸಿಕ್ತಲ್ಲ,” ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, “ಇನ್ಮ್ಯಾಕೆ ಅಂಗ್ ಮಾಡ್ಬೇಡಿ ಸಾಮಿ,” ಎಂದಳು.

ಆ ಸಂಜೆ ಮಾದಯ್ಯನನ್ನು ಕೂರಿಸಿಕೊಂಡು, ಅಂಚಿಗೆ ಮಾತ್ರ ಅಂಟು ಹಚ್ಚುವುದನ್ನು ಅವನು ಯಾಕೆ ರೂಢಿ ಮಾಡಿಕೊಂಡನೆಂದು ಕೇಳಿದೆ. ಜ್ಞಾನಿಯೊಬ್ಬನ ಉಪದೇಶಕ್ಕೆ ತಲೆಬಾಗಲು ಸಿದ್ಧನಾಗಿಯೇ ಕೇಳಿದೆ. ಅವನು ಬೀಡಿ ಹಚ್ಚಿಕೊಂಡು, “ಅಂಟು ಕಮ್ಮಿ ಸಾಕಾಯ್ತದೆ ಸಾಮಿ. ದಿನಾ ಯಾರು ಕಾಯಿಸ್ತಾರೆ?” ಎಂದ. ನನಗೆ ನಿರಾಶೆಯಾಯಿತು. ಬೀಡಿ ಅರ್ಧ ಸುಟ್ಟ ಮೇಲೆ, “ಅಲ್ದೆ, ಕಾಯ್ದೆ ಒಸದು ಬತ್ತದೆ. ಅಳೇ ಕೇಸು ಯಾವತ್ತು ಮುಗ್ದದೆ ಇಲ್ಲಿ?” ಎಂದು ಸೇರಿಸಿದ. ಈ ಎರಡರಲ್ಲಿ ಯಾವುದು ನಿಜವಾದ ಕಾರಣವೆಂದು ನಾನು ಇನ್ನೂ ನಿರ್ಧರಿಸಿಲ್ಲ. ಬಹುಶಃ ಅವನೂ ನಿರ್ಧರಿಸಿಲ್ಲ.

ತರಬೇತಿಯಿಂದ ಏನು ಉಪಯೋಗವಾಯಿತೆಂದು ಮೈಸೂರಿನಿಂದ ವರದಿ ಕೇಳಿದ್ದರು. ಚೀಟಿಯ ಎಡದ ಅಂಚಿಗೆ ಮಾತ್ರ ಅಂಟು ಹಚ್ಚತಕ್ಕದ್ದು ಎಂದು ಒಂದೇ ವಾಕ್ಯ ಬರೆದು ಕಳಿಸಿದೆ. ಅರ್ಥವಾಗಲಿಲ್ಲ, ವಿವರಿಸಿ ಎಂದು ವಾಪಸು ಬಂತು. ವಿವರ ಮೇಲೆ ಬರೆದಷ್ಟು. ಅದನ್ನು ಅವರಿಗೆ ಕಳಿಸುವ ಉತ್ಸಾಹ ಉಳಿದಿಲ್ಲ.

ಗುಂಡ್ಲುಪೇಟೆಯ ಪುಸ್ತಕವನ್ನು ಹಿಂದಿರುಗಿಸಲು ಹೋದಾಗ ಆ ಡಬ್ಬದ ಚೀಟಿಗಳನ್ನೆಲ್ಲ ನಾನೇ ಕೂತು ಅಂಟಿಸಿಕೊಟ್ಟೆ, ಅಂಚಿಗಷ್ಟೇ. ಚಿಕ್ಕಬಸಪ್ಪನವರು ಪಕ್ಕದಲ್ಲಿ ಕಣ್ಣು ಮುಚ್ಚಿ ಮೇಲ್ವಿಚಾರಣೆ ಮಾಡಿದರು. ಆಮೇಲೆಯೂ ವರ್ಷಕ್ಕೊಮ್ಮೆ ಹೋಗಿ ಹೊಸ ಚೀಟಿಗಳನ್ನು ಅಂಟಿಸಿ ಬರುತ್ತೇನೆ. ಕಡ್ಡಿಯಿಂದ ಅಂಟಿನ ಕೆನೆ ಸರಿಸುತ್ತ ಕುಳಿತಾಗ ಬೆಟ್ಟದ ಕಡೆಯ ಗಾಳಿಗೆ ತೆರೆದ ಪುಟದ ಕಿವಿಗಳು ಅಲ್ಲಾಡುತ್ತವೆ. ಕೆಲಸ ಮುಗಿದ ಮೇಲೆ ಆ ಕಾಯಿದೆಯನ್ನು ಇಳಿಸಿ, ಬಲಗಡೆಯ ಪುಟದ ಮೇಲ್ಭಾಗದ ಚೀಟಿಯನ್ನು ಬೆರಳ ತುದಿಯಿಂದ ಎತ್ತಿ ನೋಡುತ್ತೇನೆ. ಒಂದು ವರ್ಷ ಎಂದಿರುತ್ತದೆ. ಬಸ್ಸು ಹತ್ತುವ ಮುಂಚೆ ಇನ್ನೊಮ್ಮೆ ಎತ್ತಿ ನೋಡುತ್ತೇನೆ.