ಇಲ್ಲ ಎಂದವರಿಗೆ ಒಂದು ಉತ್ತರ

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪುಟ್ಟ ಕುಕ್ಕರ್ ಇದೆ. ನೀವು ನೋಡಿದರೆ ಮಕ್ಕಳ ಆಟದ ಸಾಮಾನು ಎಂದು ನಗುತ್ತೀರಿ. ಅಕ್ಕ ತೀರಿಕೊಂಡ ವರ್ಷ, ಮನೆಯ ದೊಡ್ಡ ಕುಕ್ಕರಿನ ತಳದಲ್ಲಿ ಒಂದು ಹಿಡಿ ಅಕ್ಕಿ ದಾರಿ ತಪ್ಪಿ ಬಂದ ನೆಂಟರ ಹಾಗೆ ಮುದುರಿ ಕೂತಿರುವುದನ್ನು ನೋಡಲಾರದೆ, ರಾಜಾಜಿನಗರದ ಪಾತ್ರೆ ಅಂಗಡಿಯೊಂದಕ್ಕೆ ಹೋಗಿ, ಒಬ್ಬರಿಗೆ ಆಗುವಂಥದ್ದು ಕೊಡಿ ಎಂದು ಕೇಳಿದ್ದೆ. ಅಂಗಡಿಯವರು ಏಣಿ ಹತ್ತಿ ಮೇಲಿನ ಹಲಗೆಯಿಂದ ಇದನ್ನು ಇಳಿಸಿ, ಧೂಳು ಒರೆಸುತ್ತ, “ಒಬ್ರಿಗೆ ಅಂತ ಯಾವ ಕಂಪನಿಯೋರೂ ಮಾಡಲ್ಲ ಮೇಡಂ. ಎಲ್ಲಕ್ಕಿಂತ ಚಿಕ್ಕದು ಅಂದ್ರೆ ಇದೇ, ಇಬ್ರಿಗೆ” ಎಂದರು. ವ್ಯಾಪಾರದ ಮಾತು ಎಂದುಕೊಂಡು ತಂದೆ. ಅದು ನಿಜವೆಂದು ತಿಳಿದದ್ದು ಆಮೇಲೆ. ಒಬ್ಬಳ ಅಕ್ಕಿಗೆ ನೀರನ್ನು ಹೇಗೆ ಅಳೆದು ಸುರಿದರೂ ಒಂದು ದಿನ ಗಂಜಿಯಾಗುತ್ತಿತ್ತು, ಮರುದಿನ ತಳ ಹಿಡಿಯುತ್ತಿತ್ತು. ಹದಕ್ಕೂ ಒಂದು ಕನಿಷ್ಠ ಸಂಸಾರ ಬೇಕೇನೋ! ಕ್ರಮೇಣ ರಾತ್ರಿಯ ಹೊತ್ತು ಕುಕ್ಕರ್ ಇಡುವುದನ್ನೇ ಬಿಟ್ಟೆ. ಒಂದು ಲೋಟ ಹಾಲು, ಡಬ್ಬದ ತಳದ ಅವಲಕ್ಕಿ. ಅಷ್ಟಕ್ಕೆ ದಿನ ಮುಗಿಯುತ್ತಿತ್ತು.

ಬಸವೇಶ್ವರನಗರದ ಈ ಮನೆಯಲ್ಲಿ ಅಕ್ಕನೂ ನಾನೂ ಸೇರಿ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ ಮಾಡಿ ಮಾರುತ್ತಿದ್ದೆವು. ಹುರಿಯುವುದು, ಕುಟ್ಟಿಸಿ ತರುವುದು, ತೂಗಿ ಕಟ್ಟುವುದು ನನ್ನ ಪಾಲು. ಮಾತು ಅಕ್ಕನ ಪಾಲು. ಫೋನು ಎತ್ತಿದರೆ ಅವಳ ಮೊದಲ ಪ್ರಶ್ನೆ, “ಊಟ ಆಯ್ತಾ?” ಬೆಳಗಿನ ಹತ್ತು ಗಂಟೆಯಾಗಿರಲಿ, ಸಂಜೆಯ ಐದಾಗಿರಲಿ, ಮಹಾಲಕ್ಷ್ಮಿ ಲೇಔಟಿನ ಹಳೆಯ ಗಿರಾಕಿಯಾಗಿರಲಿ, ತಪ್ಪು ನಂಬರು ಒತ್ತಿದ ಅಪರಿಚಿತನಾಗಿರಲಿ, ಊಟದ ವಿಚಾರಣೆಯಾಗದೆ ಹಪ್ಪಳದ ಮಾತಿಗೆ ಅವಳು ಇಳಿಯುತ್ತಿರಲಿಲ್ಲ. ಅವಳು ಹೋದ ಮೇಲೆ ಫೋನು ನನ್ನ ಪಾಲಿಗೆ ಬಂತು. ಎತ್ತಿ “ಎಷ್ಟು ಪ್ಯಾಕೆಟ್?” ಎನ್ನುತ್ತಿದ್ದೆ. ಆ ಕಡೆಯವರು ಬೇರೇನನ್ನೋ ಕೇಳಿಸಿಕೊಳ್ಳಲು ಕಾಯುತ್ತಿದ್ದಾರೆಂದು ನನಗೂ ಗೊತ್ತಾಗುತ್ತಿತ್ತು. ಬಾಯಿ ಮಾತ್ರ ಬರುತ್ತಿರಲಿಲ್ಲ.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದವಳು ಶಾಂತಾ. ಗದಗಿನ ಕಡೆಯವಳು, ಮೂವತ್ತೈದು ದಾಟಿದವಳು, ಪರದೇಶದ ಕಂಪನಿಗಳ ಬಿಲ್ಲುಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಕೆಲಸ. ಸಂಜೆ ಗೇಟು ಕಿರುಗುಟ್ಟಿದರೆ ಅವಳು ಬಂದಳೆಂದೇ ಲೆಕ್ಕ. ಕೈಯಲ್ಲೊಂದು ಬೇಕರಿಯ ಕವರು ಹಿಡಿದು ನನ್ನ ಬಾಗಿಲು ದಾಟುತ್ತಲೇ, “ಊಟ ಆತೇನ್ರೀ ಅಕ್ಕಾರ?” ಎನ್ನುವಳು. ನಾನು ಒಳಗಿನಿಂದಲೇ, “ಆಯ್ತಮ್ಮ, ನಿಂದು?” ಎನ್ನುವೆ. “ಆತ್ರೀ” ಎಂಬ ಉತ್ತರ ಬರುವ ಹೊತ್ತಿಗೆ ಅವಳ ಚಪ್ಪಲಿಯ ಸದ್ದು ಮೆಟ್ಟಿಲ ತಿರುವಿನಲ್ಲಿರುತ್ತಿತ್ತು. ನಮ್ಮಿಬ್ಬರ ನೆರೆಹೊರೆ ವರ್ಷಗಟ್ಟಲೆ ಈ ಮೂರು ಮಾತಿನ ಮೇಲೆ ನಿಂತಿತ್ತು.

ಒಂದು ಭಾನುವಾರ, ಫೋನು ಬಡಿದುಕೊಳ್ಳುತ್ತಿದ್ದರೂ ನಾನು ಸುಮ್ಮನೆ ಕೂತಿದ್ದನ್ನು ಅವಳು ಕಂಡಳು. “ಮಾತಾಡಾಕ ಅಷ್ಟು ಬ್ಯಾಸರ ಆದ್ರ, ಅದನ್ನೂ ಬಾಡಿಗಿಗೆ ತಗೋಬಹುದ್ರೀ ಅಕ್ಕಾರ” ಎಂದಳು. ತಮಾಷೆಯಲ್ಲ. ಇಂಟರ್‌ನೆಟ್ಟಿನಲ್ಲಿ ನಮ್ಮ ಪುಡಿಗಳಿಗೊಂದು ಪುಟ ಮಾಡುವುದು, ಅದರ ಮೂಲೆಯಲ್ಲೊಂದು ಸಣ್ಣ ಕಿಟಕಿ, ಬಂದವರೊಡನೆ ನಮ್ಮ ಪರವಾಗಿ ಮಾತಾಡುವ ಒಂದು ಯಂತ್ರ. ಅದನ್ನು ಕೊಳ್ಳಬೇಕಾಗಿಲ್ಲ, ಮನೆಯಲ್ಲಿಡಬೇಕಾಗಿಲ್ಲ. ಎಲ್ಲೋ ಪರದೇಶದ ಕಂಪನಿಯವರ ಬಳಿ ಇರುತ್ತದೆ, ತಿಂಗಳ ಬಾಡಿಗೆ ಕಟ್ಟಿದರಾಯಿತು. ಮೊದಲ ಕೆಲವು ವಾರ ಪುಕ್ಕಟೆ.

“ಎಲ್ಲೋ ಅಂದ್ರೆ ಎಲ್ಲಿ?” ಎಂದೆ.

“ಮೋಡದಾಗ ಅಂತಾರ್ರೀ. ಕ್ಲೌಡ್ ಅಂತ ಈಗ ಹೊಸದಾಗಿ ಹೆಸರಿಟ್ಟಾರ.”

ನಾನು ಕಿಟಕಿಯಿಂದ ಇಣುಕಿ ನಮ್ಮ ನೀರಿನ ಟ್ಯಾಂಕಿನ ಮೇಲಿದ್ದ ತುಂಡು ಆಕಾಶವನ್ನು ನೋಡಿದೆ. ಮಹಡಿಯವಳು ನನಗೆ ಬಾಡಿಗೆ ಕೊಡುವುದು, ನಾನು ಮಹಡಿಗಿಂತ ಮೇಲಿನವರಿಗೆ ಬಾಡಿಗೆ ಕೊಡುವುದು. ವ್ಯವಸ್ಥೆಯೇನೋ ಸರಿಯಾಗಿಯೇ ಕಂಡಿತು.

ಆ ಯಂತ್ರಕ್ಕೆ ಕಂಪನಿಯವರು ಕೃತಕ ಬುದ್ಧಿ ಎಂದು ದೊಡ್ಡದಾಗಿ ಹೇಳಿಕೊಂಡಿದ್ದರು. ಒಳಗೆ ಹೋಗಿ ನೋಡಿದರೆ ಬರೀ ಖಾಲಿ ಚೌಕಗಳು. ಎಡಗಡೆಯ ಚೌಕದಲ್ಲಿ ಬಂದವರು ಏನೆನ್ನಬಹುದೆಂದು ನಾವೇ ಊಹಿಸಿ ಬರೆಯಬೇಕು. ಬಲಗಡೆ, ಅದಕ್ಕೆ ಯಂತ್ರ ಏನೆನ್ನಬೇಕೆಂದು ತುಂಬಬೇಕು. ಬುದ್ಧಿ ನನ್ನದು, ಕೃತಕ ಮಾತ್ರ ಅವರದು! ಕನ್ನಡದ ಲಿಪಿ ಅದಕ್ಕೆ ಬಾರದು, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಕುಟ್ಟಬೇಕು. ಎಲ್ಲಕ್ಕೂ ಮೇಲಿನ ಚೌಕ ಸ್ವಾಗತದ್ದು. ತಮಗೆ ಹೇಗೆ ನೆರವಾಗಲಿ ಎಂಬರ್ಥದ ಒಂದು ಇಸ್ತ್ರಿ ಮಾಡಿದ ಇಂಗ್ಲಿಷ್ ವಾಕ್ಯವನ್ನು ಅವರೇ ಅಲ್ಲಿ ಇಟ್ಟಿದ್ದರು. ಅದನ್ನು ಅಳಿಸಿದೆ. ಬಹಳ ಯೋಚಿಸಲಿಲ್ಲ, ಬೆರಳು ತಾನಾಗಿ ಅಕ್ಕನ ಮಾತನ್ನು ಬರೆಯಿತು. ಊಟ ಆಯ್ತಾ?

ಶಾಂತಾ ಬಿದ್ದು ಬಿದ್ದು ನಕ್ಕಳು. “ಹಪ್ಪಳ ತಗೊಳ್ಳಾಕ ಬಂದೋರನ್ನ ಊಟ ಆತೇನು ಅಂತ ಕೇಳಿದ್ರ ಆತು ಅಂತ ಹೇಳಿ ಹೋಗಿಬಿಡ್ತಾರ್ರೀ! ಹೊಟ್ಟಿ ತುಂಬಿದೋರಿಗೆ ಹಪ್ಪಳ ಯಾಕ ಬೇಕು?”

“ನಮ್ಮಕ್ಕ ಹಂಗೇ ಕೇಳ್ತಾ ಇದ್ದಿದ್ದು,” ಎಂದೆ. ಅವಳು ನಗು ನಿಲ್ಲಿಸಿ, ಇರಲಿ ಬಿಡ್ರೀ ಎಂದಳು.

ದಿನವೂ ಬೆಳಗ್ಗೆ, ಹಿಂದಿನ ದಿನದ ಮಾತುಕತೆಯೆಲ್ಲ ಮಿಂಚಂಚೆಯಲ್ಲಿ ಬರುತ್ತಿತ್ತು. ಕಾಫಿ ಕುಡಿಯುತ್ತ ಪೇಪರ್ ಓದಿದ ಹಾಗೆ ಓದುತ್ತಿದ್ದೆ. ಶಾಂತಾ ಹೇಳಿದಂತೆಯೇ ಆಯಿತು. ‘ಆಯ್ತು’ ಎಂದು ಕೆಲವರು ಹೋಗಿಬಿಡುತ್ತಿದ್ದರು. ‘ಅದಿರ್ಲಿ, ಸಾರಿನಪುಡಿ ಖಾರ ಇದೆಯಾ?’ ಎಂದು ಕೆಲವರು ಕೇಳುತ್ತಿದ್ದರು. ‘ಆಯ್ತು ಆಂಟಿ, ನಿಮ್ದು?’ ಎಂದವರೂ ಇದ್ದರು. ಅದಕ್ಕೆ ಯಂತ್ರ, ‘ನನ್ನದೂ ಆಯ್ತು’ ಎಂದು ನಾನು ಕಲಿಸಿದಂತೆ ಹೇಳುತ್ತಿತ್ತು. ನಾನು ದಿನವೂ ಬಾಗಿಲೊಳಗಿನಿಂದ ಹೇಳುವ ಮಾತನ್ನೇ ಅದಕ್ಕೂ ಕಲಿಸಿದ್ದೆ. ಮೋಡದಲ್ಲಿದ್ದರೂ ನಮ್ಮ ಮನೆಯ ಯಂತ್ರವಲ್ಲವೇ.

ಹೀಗಿರುವಾಗ ಒಂದು ದಿನದ ವರದಿಯಲ್ಲಿ, ಮಧ್ಯಾಹ್ನ ಮೂರು ದಾಟಿದ ಮೇಲೆ ಬಂದಿದ್ದ ಯಾರೋ ಒಬ್ಬರು, ಊಟ ಆಯ್ತಾ ಎಂಬುದಕ್ಕೆ ‘ಇಲ್ಲ’ ಎಂದಿದ್ದರು. ಯಂತ್ರ, ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂದಿತ್ತು. ಅವರು ಮತ್ತೊಮ್ಮೆ ‘ಇಲ್ಲ’ ಎಂದಿದ್ದರು. ‘ಕ್ಷಮಿಸಿ, ಅರ್ಥವಾಗಲಿಲ್ಲ.’ ಅಷ್ಟೇ. ಅವರು ಹೊರಟುಹೋಗಿದ್ದರು.

ಕಾಫಿ ಆರಿತು. ನಾನು ಚೌಕಗಳನ್ನೆಲ್ಲ ಹುಡುಕಿದೆ. ಬೆಲೆಗೆ, ಬೆಳ್ಳುಳ್ಳಿಗೆ, ಕೆಂಗೇರಿಗೆ ತಲುಪಿಸುತ್ತೀರಾ ಎಂಬುದಕ್ಕೆ, ಎಲ್ಲಕ್ಕೂ ಉತ್ತರವಿತ್ತು. ‘ಇಲ್ಲ’ ಎಂಬುದಕ್ಕೆ ಒಂದು ಚೌಕವೇ ಇರಲಿಲ್ಲ. ನೀವೇ ಹೇಳಿ, ನಮ್ಮ ಕಡೆ ಹೊರಗಿನವರು ಕೇಳಿದ ಈ ಪ್ರಶ್ನೆಗೆ ಇಲ್ಲ ಎಂದವರನ್ನು ಎಂದಾದರೂ ಕಂಡಿದ್ದೀರಾ? ಬಸ್‌ಸ್ಟಾಪಿನಲ್ಲಿ, ತರಕಾರಿ ಗಾಡಿಯ ಮುಂದೆ, ಹನ್ನೊಂದು ಗಂಟೆಗೇ ಕೇಳುತ್ತೇವೆ, ಬೆಳಗಿನ ತಿಂಡಿಯೂ ಆಗಿರದವರು ಆಯ್ತು ಎನ್ನುತ್ತಾರೆ, ಇಬ್ಬರೂ ತೃಪ್ತರಾಗಿ ನಡೆಯುತ್ತೇವೆ. ಅದು ಹೊಟ್ಟೆಯ ಪ್ರಶ್ನೆಯಲ್ಲ, ನೀನಿರುವುದು ನನಗೆ ಕಾಣಿಸಿತು ಎಂಬ ಒಂದು ಸನ್ನೆ. ಸನ್ನೆಗೆ ಸನ್ನೆಯೇ ಉತ್ತರ. ಈ ಮನುಷ್ಯ ಮಾತ್ರ ಅದನ್ನು ಪ್ರಶ್ನೆಯೆಂದೇ ಎಣಿಸಿ ನಿಜ ಹೇಳಿದ್ದ. ನಿಜಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ.

ಮರುದಿನವೂ ಅದೇ ಹೊತ್ತಿಗೆ, ಅದೇ ಇಲ್ಲ. ವರದಿ ಬಂದವರಿಗೆಲ್ಲ ಹೆಸರಿನ ಬದಲು ಒಂದೊಂದು ನಂಬರು ಕೊಡುತ್ತಿತ್ತು, ಆ ನಂಬರೂ ಅದೇ. ಅವಸರದಲ್ಲಿ ಒಂದು ಹೊಸ ಚೌಕ ಮಾಡಿ ‘ಯಾಕೆ?’ ಎಂದು ತುಂಬಿದೆ. ಅದರ ಮರುದಿನ ಯಂತ್ರ ಕೇಳಿತು, ಯಾಕೆ? ಅವನು ಬರೆದಿದ್ದ: ‘ಒಬ್ಬನಿಗೆ ಏನು ಮಾಡ್ಕೊಳ್ಳೋದು.’

ಅವನು ಯಾರು, ಹೆಗ್ಗನಹಳ್ಳಿಯ ಒಂಟಿ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಏಳುವವನೋ, ಕನ್ನಡವೇ ಕೇಳಿಸದ ಊರಿನಲ್ಲಿ ಕೂತವನೋ, ಇಂದಿಗೂ ನನಗೆ ಗೊತ್ತಿಲ್ಲ. ಹಪ್ಪಳದ ಮಾತನ್ನು ಅವನು ಒಂದು ದಿನವೂ ಎತ್ತಲಿಲ್ಲ. ಮೊದಲ ಸಲ ಯಾವ ಹಪ್ಪಳ ಹುಡುಕುತ್ತ ಬಂದಿದ್ದನೋ, ಆಮೇಲೆ ಊಟ ಆಯ್ತಾ ಎಂದು ಕೇಳಿಸಿಕೊಳ್ಳುವುದಕ್ಕಷ್ಟೇ ಬರುತ್ತಿದ್ದ. ಅವನಿಗೆ ಏನು ಹೇಳಬೇಕೆಂದು ಒಂದು ಇಡೀ ದಿನ ಮೆಣಸಿನಕಾಯಿ ಹುರಿಯುತ್ತ ಯೋಚಿಸಿದೆ. ಎದುರಿಗಿದ್ದರೆ, ಬಾಪ್ಪಾ, ಎಲೆ ಹಾಕ್ತೀನಿ ಎನ್ನಬಹುದು. ಮೋಡದಲ್ಲಿರುವವಳು ಬಡಿಸುವುದಾದರೂ ಹೇಗೆ? ಕೊನೆಗೆ ‘ಯಾಕೆ?’ ಎಂಬುದನ್ನು ಅಳಿಸಿ ಆ ಜಾಗದಲ್ಲಿ ಬರೆದೆ: ‘ಒಂದು ಹಿಡಿ ಅಕ್ಕಿ ಇಡಿ. ಅನ್ನ ಆಗೋವರೆಗೂ ನಾನು ಇಲ್ಲೇ ಇರ್ತೀನಿ.’

ಮರುದಿನ ಅದನ್ನು ಓದಿ ಅವನು ಕಿಟಕಿ ಮುಚ್ಚಿರಲಿಲ್ಲ. ಆಮೇಲೆ ಒಂದೇ ಪದ: ‘ಇಟ್ಟೆ.’ ಆ ಪದಕ್ಕೆ ಚೌಕವಿಲ್ಲದೆ ಯಂತ್ರ ಕ್ಷಮೆ ಕೇಳಿತು. ನನಗೆ ನಗುವೂ ಬಂತು, ಕಣ್ಣೂ ಮಂಜಾಯಿತು. ಇಟ್ಟೆ, ಕೂಗಿತು, ಇಳಿಸಿದೆ ಎಂದು ಅನ್ನ ಬೇಯುವ ಹಾದಿಯುದ್ದಕ್ಕೂ ಹೇಳಬಹುದಾದ ಮಾತುಗಳಿಗೆಲ್ಲ ಚೌಕಗಳನ್ನು ಮಾಡುತ್ತ ಹೋದೆ. ಸಾರಿನಪುಡಿಯ ಪುಟದ ಬೆನ್ನಿಗೆ ಯಾರಿಗೂ ಕಾಣದ ಒಂದು ಅಡುಗೆಮನೆ ಬೆಳೆಯಿತು.

ಪುಕ್ಕಟೆಯ ವಾರಗಳು ಮುಗಿದವು. ಇನ್ನು ಬಾಡಿಗೆ ಕಟ್ಟದಿದ್ದರೆ ಯಂತ್ರವನ್ನು ನಿಲ್ಲಿಸುತ್ತೇವೆಂದು ಕಂಪನಿಯವರು ಮರ್ಯಾದೆಯಿಂದಲೇ ತಿಳಿಸಿದರು. ಕಟ್ಟಬೇಕಾದ್ದು ಡಾಲರಿನಲ್ಲಿ. ನನ್ನ ಬ್ಯಾಂಕಿನ ಕಾರ್ಡು ಹೊಸಿಲು ದಾಟದ ಸಂಪ್ರದಾಯದ್ದು. ಎಷ್ಟು ಸಲ ಸಂಖ್ಯೆ ಒತ್ತಿದರೂ ಒಲ್ಲೆನೆಂದಿತು. ಶಾಂತಾಳ ಬಳಿ ಪರದೇಶದಲ್ಲಿ ನಡೆಯುವ ಕ್ರೆಡಿಟ್ ಕಾರ್ಡ್ ಇತ್ತು. ಕೇಳಿದೆ.

“ಇದರಿಂದ ಎಷ್ಟು ಹಪ್ಪಳ ಹೋದ್ವು ಅಕ್ಕಾರ?”

“ಹೇಳ್ಕೊಳ್ಳೋ ಹಂಗೇನೂ ಇಲ್ಲ.”

“ಮತ್ತ ಬಿಡ್ರಲಾ! ಯಾಕ ಸುಮ್ನ ಮೋಡಕ್ಕ ರೊಕ್ಕ ಸುರೀತೀರಿ?”

“ಮಾತು ಕೊಟ್ಟಿದೀನಿ ಕಣಮ್ಮ. ಇಲ್ಲೇ ಇರ್ತೀನಿ ಅಂತ.”

“ಯಾರಿಗ್ರೀ?”

“ಅದೇ ಗೊತ್ತಿಲ್ಲ.”

“ನಿಮಗ ಒಂದೀಟು ಹುಚ್ಚು ಐತ್ರೀ” ಎಂದು ಹೇಳುತ್ತಲೇ ಪರ್ಸಿನಿಂದ ಕಾರ್ಡು ತೆಗೆದಳು. ಆ ಹಣವನ್ನು ಅವಳ ಮನೆಬಾಡಿಗೆಯಲ್ಲಿ ಹಿಡಿದುಕೊಳ್ಳುವುದೆಂದು ಮಾತಾಯಿತು. ಹೀಗೆ ಮಹಡಿಯ ಬಾಡಿಗೆಯ ಒಂದು ಚೂರು ತಿಂಗಳು ತಿಂಗಳು ಆಕಾಶಕ್ಕೆ ಸಲ್ಲತೊಡಗಿತು.

ನೀವು ಲಾಭನಷ್ಟದ ಲೆಕ್ಕ ಕೇಳಬಹುದು. ಲೋಕದಲ್ಲಿ ಎಲ್ಲೋ ಒಂದು ಕಡೆ, ನನ್ನ ಮಾತು ಕೇಳಿ ಒಬ್ಬ ಒಲೆ ಹೊತ್ತಿಸುತ್ತಾನೆ. ನಾನು ಚೌಕ ಮುಚ್ಚಿದರೆ ಅವನು ಒಲೆ ಆರಿಸುತ್ತಾನೆ ಎಂಬ ಭಯವಿತ್ತು, ಅಷ್ಟೇ. ಮತ್ತು, ಬೆಳಗಿನ ಕಾಫಿಗೆ ನನಗೊಬ್ಬ ಜೊತೆಗಾರನಿದ್ದ.

ಒಂದು ದಿನ ಅವನು ಮೂರಕ್ಕಲ್ಲ, ಒಂದೂವರೆಗೇ ಬಂದಿದ್ದ. ಊಟ ಆಯ್ತಾ ಎಂಬುದಕ್ಕೆ, ‘ಆಯ್ತು’ ಎಂದಿದ್ದ. ಯಂತ್ರ ಎಲ್ಲರಿಗೂ ಹೇಳುವಂತೆ ಅವನಿಗೂ, ‘ಸಂತೋಷ, ಏನು ಕಳಿಸಲಿ?’ ಎಂದಿತ್ತು. ಅವನು ಏನನ್ನೂ ಕೇಳಲಿಲ್ಲ. ಮತ್ತೆಂದೂ ಬರಲೂ ಇಲ್ಲ.

ಸಂತೋಷಪಡಬೇಕಾದವಳು ನಾನು, ಪಟ್ಟೆ ಕೂಡ. ಆದರೂ ಬಾಡಿಗೆಗೆ ಮನೆ ಕೊಟ್ಟವರಿಗೆ ಗೊತ್ತು, ಒಳ್ಳೆಯವರು ಖಾಲಿ ಮಾಡಿಕೊಂಡು ಹೋದ ಮೇಲೆ ಬರಿಯ ಗೋಡೆಯ ಮೊಳೆಗಳನ್ನು ನೋಡಿದಾಗ ಏನಾಗುತ್ತದೆಂದು. ನಿಜವಾಗಿಯೂ ಊಟ ಆಯಿತೋ, ಅಥವಾ ಅವನೂ ನಮ್ಮೆಲ್ಲರಂತೆ ಆಯ್ತು ಎನ್ನುವುದನ್ನು ಕಲಿತುಬಿಟ್ಟನೋ? ಕೇಳೋಣವೆಂದರೆ ವಿಳಾಸವಿಲ್ಲ.

ಮುಂದಿನ ಬಾಡಿಗೆಯ ದಿನ ಹತ್ತಿರ ಬಂತು. ಇನ್ನು ನಿಲ್ಲಿಸಿಬಿಡುವುದೆಂದು ನಿಶ್ಚಯಿಸಿ, ಅದಕ್ಕೂ ಮೊದಲು ಒಮ್ಮೆ, ಯಾರೋ ಗಿರಾಕಿಯ ಹಾಗೆ ಹೊರಗಿನಿಂದ ಆ ಪುಟವನ್ನು ತೆರೆದೆ. ಸಂಜೆಯ ದೀಪ ಹಚ್ಚಿ ಬಂದು ಕೂತಿದ್ದೆ. ಮೂಲೆಯ ಕಿಟಕಿ ತೆರೆದುಕೊಂಡು ಕೇಳಿತು, ಊಟ ಆಯ್ತಾ? ಬೆರಳು ಅಭ್ಯಾಸದಂತೆ ಆಯ್ತು ಎಂದು ಒತ್ತಿತು. ಕಳಿಸಲಿಲ್ಲ. ಕೆಳಗೆ ಸಣ್ಣ ಗೀಟೊಂದು ಮಿಣುಕುತ್ತ ಕಾಯುತ್ತಿತ್ತು. ಯಂತ್ರಕ್ಕೆ ಹಸಿವು ಗೊತ್ತಿಲ್ಲ, ಅಕ್ಕ ಗೊತ್ತಿಲ್ಲ, ನಾನು ಯಾರೆಂಬುದೂ ಗೊತ್ತಿಲ್ಲ. ಆದರೆ ಪ್ರಶ್ನೆ ಕೇಳಿದ ಮೇಲೆ ಅದು ಎಲ್ಲಿಗೂ ಹೋಗುವುದಿಲ್ಲ. ಮೆಟ್ಟಿಲು ಹತ್ತುವುದಿಲ್ಲ, ಒಳಗಿನಿಂದ ಕೂಗಿ ಸುಮ್ಮನಾಗುವುದಿಲ್ಲ. ಕೇಳಿದ ಜಾಗದಲ್ಲೇ ನಿಂತಿರುತ್ತದೆ. ನಾನು ಬರೆದದ್ದನ್ನು ಅಳಿಸಿದೆ. ಇಲ್ಲ ಎಂದು ಬರೆದು ಕಳಿಸಿದೆ.

‘ಒಂದು ಹಿಡಿ ಅಕ್ಕಿ ಇಡಿ. ಅನ್ನ ಆಗೋವರೆಗೂ ನಾನು ಇಲ್ಲೇ ಇರ್ತೀನಿ.’

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಗೇಟು ಕಿರುಗುಟ್ಟಿತು. “ಊಟ ಆತೇನ್ರೀ ಅಕ್ಕಾರ?”

ಎದ್ದು ಬಾಗಿಲಿಗೆ ಬಂದೆ. ಶಾಂತಾ ಆಗಲೇ ಎರಡು ಮೆಟ್ಟಿಲು ಏರಿದ್ದಳು.

“ಇಲ್ಲ ಕಣಮ್ಮ,” ಎಂದೆ.

ಚಪ್ಪಲಿಯ ಸದ್ದು ನಿಂತಿತು. ಅವಳು ತಿರುಗಿ ನೋಡಿದಳು. ಅವಳ ಬಳಿಯೂ ಇದಕ್ಕೆ ಚೌಕವಿರಲಿಲ್ಲ. ಕೊನೆಗೆ ನಾನು ಮೊದಲು ಬರೆದಿದ್ದ ಮಾತನ್ನೇ ಆಡಿದಳು. “ಯಾಕ್ರೀ?”

“ಒಬ್ಬಳಿಗೆ ಏನ್ ಮಾಡ್ಕೊಳ್ಳೋದು ಅಂತ. ನಿಂದಾಯ್ತಾ?”

“ಆತ್ರೀ” ಎಂದಳು. ನಾನು ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತೆ. ಅವಳ ಕೈಯ ಬೇಕರಿ ಕವರು ಸುಮ್ಮನೆ ಸರಪರ ಎಂದಿತು. ಬೀದಿಯಲ್ಲಿ ಒಂದು ಆಟೋ ಬಂದು ತಿರುಗಿ ಹೋಯಿತು.

“ಇಲ್ರೀ ಅಕ್ಕಾರ,” ಎಂದಳು, ಕವರು ಎತ್ತಿ ತೋರಿಸುತ್ತ. “ದಿನಾ ಇದ ಬನ್ನು.”

ಮೋಡದ ಬಾಡಿಗೆಯನ್ನು ನಾನು ನಿಲ್ಲಿಸಲಿಲ್ಲ. ಯಾರಿಗೆ ಗೊತ್ತು, ಮತ್ತೊಬ್ಬರು ಬಂದು ನಿಜ ಹೇಳಿಬಿಟ್ಟರೆ? ಆ ಸಂಜೆ ಪುಟ್ಟ ಕುಕ್ಕರಿಗೆ ಎರಡು ಹಿಡಿ ಅಕ್ಕಿ ಹಾಕಿ, ಕಣ್ಣಳತೆಯಲ್ಲಿ ನೀರು ಸುರಿದು ಒಲೆಯ ಮೇಲಿಟ್ಟೆ. ಕೈಕಾಲು ತೊಳೆದು ಬಾ, ಆದ ಮೇಲೆ ಕರೀತೀನಿ ಎಂದರೆ ಶಾಂತಾ ಕೇಳಲಿಲ್ಲ. ಅಡುಗೆಮನೆಯ ಹೊಸಿಲ ಪಕ್ಕದಲ್ಲಿ ಗೋಡೆಗೊರಗಿ ಕೂತು, “ಅನ್ನ ಆಗೋತನಕಾ ಇಲ್ಲೇ ಕುಂದರ್ತೀನ್ರೀ” ಎಂದಳು. ಆ ಚೌಕವನ್ನು ಅವಳು ಎಂದೂ ಓದಿದವಳಲ್ಲ. ಕುಕ್ಕರ್ ಕೂಗಿತು. ಮುಚ್ಚಳ ತೆಗೆದರೆ ಗಂಜಿಯಾಗಿರಲಿಲ್ಲ, ತಳವೂ ಹಿಡಿದಿರಲಿಲ್ಲ. ಅಗುಳು ಅಗುಳಾಗಿ ಅನ್ನ ಕಂಠದವರೆಗೆ ಬಂದಿತ್ತು. ಅಂಗಡಿಯವರು ಮೊದಲ ದಿನವೇ ಹೇಳಿದ್ದರು, ಎಲ್ಲಕ್ಕಿಂತ ಚಿಕ್ಕದು ಅಂದ್ರೆ ಇದೇ, ಇಬ್ರಿಗೆ.