ತೂಬಿನ ಬಳಿಯ ಕಲ್ಲು

ನಮ್ಮಣ್ಣನ ಬೆರಳುಗಳದ್ದೇ ಬೇರೆ ಬಣ್ಣ. ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಘಟಕದಲ್ಲಿ ಹೊಲಿದು ಹೊಲಿದು ಉಗುರಿನ ಸಂದಿಯಲ್ಲಿ ನಿಂತ ನೀಲಿ ಹಬ್ಬದ ಎಣ್ಣೆಸ್ನಾನಕ್ಕೂ ಹೋಗುತ್ತಿರಲಿಲ್ಲ. ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇರುತ್ತಿತ್ತು. ಭಾನುವಾರ ಊರಿಗೆ ಬಂದರೆ ಅದನ್ನೇ ಅಡ್ಡ ಹಿಡಿದು ಹಳೆಯ ಕಲ್ಲುಗಳ ಮೇಲೆ ತಿಕ್ಕುತ್ತಿದ್ದ. ಕಲ್ಲೆಲ್ಲ ಬೆಳ್ಳಗಾಗಿ, ಕೊರೆದ ಅಕ್ಷರ ಮಾತ್ರ ಕಪ್ಪಗೆ ಕಾಣುತ್ತಿತ್ತು.

ನಮ್ಮೂರು ಸಣ್ಣದು. ಮುರಿದ ಕೋಟೆಬಾಗಿಲು, ಹನುಮಪ್ಪನ ಗುಡಿ ಮುಂದಿನ ವೀರಗಲ್ಲು, ಹೂಳು ತುಂಬಿದ ಮೆಟ್ಟಿಲು ಬಾವಿ, ಕೆರೆಯ ತೂಬಿನ ಬಳಿ ಅರ್ಧ ಹೂತುಹೋದ ಬರಹದ ಕಲ್ಲು. ನೋಡುವಂಥದ್ದು ಇಷ್ಟೇ. ನಾನು ಓದಿದ್ದು ನಾಲ್ಕನೇ ತರಗತಿ, ಅಣ್ಣ ಏಳನೆಯದು. ಆದರೂ ಹಳೆಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವುದನ್ನು ತಾನೇ ಕಲಿತಿದ್ದ. ಕಟ್ಟೆಯ ಮೇಲೆ ಕೂತವರು, "ಬಂದ್ರಪ್ಪ ಕಲ್ಲಿನ ಡಾಕ್ಟ್ರು! ನಾಡಿ ಹೆಂಗೈತ್ರಿ?" ಎಂದು ರೇಗಿಸಿದರೆ, "ನಿಮ್ಮದಕ್ಕಿಂತ ಗಟ್ಟಿ ಐತ್ರಿ," ಎನ್ನುತ್ತಿದ್ದ.

ಒಮ್ಮೆ ರಾಯದುರ್ಗದ ಕೋಟೆ ನೋಡಲು ಬಂದಿದ್ದ ಫ್ರಾನ್ಸ್ ದೇಶದ ಹೆಂಗಸೊಬ್ಬರನ್ನು ನಮ್ಮೂರಿಗೂ ಕರೆತಂದ. ಅವರದೂ ಸಣ್ಣ ಹಳ್ಳಿಯಂತೆ. ಅಲ್ಲಿ ಹಳೆಯ ಸೇತುವೆ, ಚರ್ಚು ಹಾಗಿರಲಿ, ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕೊಳಕ್ಕೂ ಒಂದು ಬೋರ್ಡು ಇದೆಯಂತೆ. ಜೊತೆಗೆ ಬಂದ ಗೈಡ್ ಅದನ್ನೆಲ್ಲ ತೆಲುಗಿನಲ್ಲಿ ಹೇಳಿದ. "ನೋಡಿದ್ಯಾ ತಂಗೀ, ಬಟ್ಟೆ ಒಗಿಯೋ ಜಾಗಕ್ಕೂ ಚರಿತ್ರೆ ಐತಿ," ಎಂದು ಅಣ್ಣ ಬಹಳ ದಿನ ಹೇಳಿಕೊಂಡು ತಿರುಗಿದ. ಆಮೇಲೆ ತಗಡಿನ ಮೇಲೆ ತಾನೇ ಬರೆದು ಕೋಟೆಬಾಗಿಲಿಗೆ, ವೀರಗಲ್ಲಿಗೆ, ಬಾವಿಗೆ ಬೋರ್ಡು ಹಾಕಿದ. ತೂಬಿನ ಕಲ್ಲಿಗೆ ಮಾತ್ರ ಹಾಕಲಿಲ್ಲ. ಒಬ್ಬರು ಕೆರೆ ಕಟ್ಟಿಸಿದರು ಎಂಬುದಷ್ಟೇ ಮೇಲಿನ ಐದು ಸಾಲಿನಲ್ಲಿತ್ತು. ಉಳಿದದ್ದು ಮಣ್ಣಿನೊಳಗಿತ್ತು; ಏರಿ ಸಡಿಲವಾದೀತೆಂದು ಊರವರು ಅಲ್ಲಿ ಅಗೆಯಲು ಬಿಟ್ಟಿರಲಿಲ್ಲ.

"ಕಟ್ಟಿಸಿದೋರ ಹೆಸರೇ ಗೊತ್ತಿಲ್ಲ, ಬೋರ್ಡು ಹೆಂಗ ಹಾಕ್ಲಿ?" ಎನ್ನುತ್ತಿದ್ದ.

ಅವನು ಮೂರು ತಿಂಗಳ ಹೊಲಿಗೆ ಕೆಲಸಕ್ಕೆಂದು ಬಳ್ಳಾರಿಗೆ ಹೋಗಿದ್ದಾಗ ಕೆರೆ ಏರಿಯ ದಾರಿ ಅಗಲ ಮಾಡಿದರು. ಜೆಸಿಬಿ ಆ ಕಲ್ಲನ್ನು ಕಿತ್ತು ಪಕ್ಕಕ್ಕೆ ಉರುಳಿಸಿತು. ನನ್ನನ್ನು ಮದುವೆ ಮಾಡಿ ಕೊಟ್ಟಿದ್ದೂ ನಮ್ಮೂರಲ್ಲೇ. ಆಗ ನಮ್ಮ ಹೊಸ ಮನೆ ಏಳುತ್ತಿತ್ತು. ಗಾರೆ ಮೇಸ್ತ್ರಿ, "ಅಕ್ಕಾ, ಹೊಸಿಲಿಗೆ ಇಂಥ ಕಲ್ಲು ಎಲ್ಲಿ ಹುಡುಕಿದ್ರೂ ಸಿಗಂಗಿಲ್ಲ," ಎಂದ. ನಾನು ತರಿಸಿದೆ. ಅಕ್ಷರಗಳು ಕಂಡವು. ಬರಹ ಕೆಳಗೆ ಮಾಡಿ ಕೂರಿಸಲು ಹೇಳಿದವಳೂ ನಾನೇ.

ಗೃಹಪ್ರವೇಶಕ್ಕೆ ಅಣ್ಣ ತವರಿನ ಸೀರೆ ಹಿಡಿದು ಬಂದ. ಅರಿಶಿನ ಬಳಿದ ಹೊಸಿಲನ್ನು ಬಲಗಾಲಿಟ್ಟು ದಾಟಿದ. ಊಟವಾದ ಮೇಲೆ ಕೆರೆ ಕಡೆ ಹೋಗಿ ಬಂದು ಕೇಳಿದ.

"ಕಲ್ಲು ಎಲ್ಲಿ ಹೋತು ತಂಗೀ?"

"ಮಣ್ಣಿನ ಜೊತಿ ಟ್ರ್ಯಾಕ್ಟರ್‌ನಾಗ ಹೋತು ಅಂತಾರಣ್ಣ," ಎಂದೆ.

ಪೂಜೆಯಾದ ಹೊಸಿಲನ್ನು ಎತ್ತಿದರೆ ಮನೆಗೆ ಕೇಡು ಎನ್ನುತ್ತಾರೆ. ಅತ್ತೆಗೆ ಹೆದರಿ ಸುಳ್ಳು ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಹೊಸಿಲು ಚೆನ್ನಾಗಿ ಕೂತಿತ್ತು, ನೋಡಿದವರು ಹೊಗಳುತ್ತಿದ್ದರು, ಅಷ್ಟೇ.

ಎರಡು ವರ್ಷ, ಬಿಡುವಿದ್ದಾಗಲೆಲ್ಲ, ಅಣ್ಣ ಆ ಮಣ್ಣು ಸುರಿದ ಕಡೆ ಹಾರೆ ಹಿಡಿದು ಅಗೆದ. ಬೊಮ್ಮನಹಾಳ್ ಕಡೆಯ ಕಾಲುವೆ ದಡದವರೆಗೂ ಹೋಗಿ ಹುಡುಕಿದ. ಬಿಸಿಲಿಗೆ ದಣಿದು ನನ್ನ ಮನೆಗೇ ಬಂದು ಮಜ್ಜಿಗೆ ಕುಡಿಯುತ್ತಿದ್ದ.

ಕಾಮಾಲೆ ಬಲಿತು ಅವನು ಹಾಸಿಗೆ ಹಿಡಿದಾಗ ನಿಜ ಹೇಳಿದೆ. ಬಯ್ಯುತ್ತಾನೆಂದು ಕಾದೆ. ಅವನು ಎದ್ದು ಕೂರಲು ನೋಡಿದ.

"ಪೂರ್ತಿ ಕಲ್ಲು ಕಣ್ಣಾರೆ ನೋಡಿದ್ಯಾ ನೀನು?"

"ಹೂಂ ಅಣ್ಣ."

"ಕೆಳಗ ಎಷ್ಟು ಸಾಲು ಇದ್ವು? ಹೆಸರು ಇತ್ತಾ?"

"ನೋಡ್ಲಿಲ್ಲಣ್ಣ."

"ನಾಕನೇ ಕ್ಲಾಸು ಓದಿದಾಕಿ, ಒಂದಕ್ಷರನಾದ್ರೂ ನೋಡಬಾರ್ದಾಗಿತ್ತಾ," ಎಂದು ಸಣ್ಣಗೆ ನಕ್ಕ. ನಾಲ್ಕನೆಯ ದಿನ ಹೋದ.

ತಿಥಿ ಮುಗಿದ ಮೇಲೆ, ಅತ್ತೆ ಬೇಡವೆಂದರೂ, ಹೊಸಿಲು ಎತ್ತಿಸಿದೆ. ಸಿಮೆಂಟು ಕಲ್ಲಿನ ಮೈಯನ್ನು ಕಚ್ಚಿಕೊಂಡಿತ್ತು. ಮೇಸ್ತ್ರಿ ಉಳಿಯಿಂದ ಬಿಡಿಸಿದರೆ ಅಕ್ಷರಗಳ ಸಮೇತ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅಣ್ಣ ಓದಿದ್ದ ಐದು ಸಾಲಿನ ಕೆಳಗೆ ಇನ್ನೂ ಏಳು ಸಾಲು ಇದ್ದವು. ಎಣಿಸಬಹುದು, ಓದಲಾಗದು. ಕಲ್ಲನ್ನು ಮತ್ತೆ ತೂಬಿನ ಬಳಿ ನಿಲ್ಲಿಸಿದ್ದೇನೆ. ಅಣ್ಣನ ಬೋರ್ಡುಗಳನ್ನು ಓದುತ್ತಾ ಬಂದವರು ಅಲ್ಲಿ ನಿಂತು, ಇದರಲ್ಲಿ ಏನು ಬರೆದಿದೆ ಎಂದು ಕೇಳುತ್ತಾರೆ. ನಾನು ಮಾಡಿದ್ದನ್ನು ಹೇಳುತ್ತೇನೆ.